ನಮ್ಮೂರ ಮೈದಾನದಲ್ಲೇ ಸೋತದ್ದು

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ವಾದ ಎದ್ದಿತು. ಪ್ಲೇಆಫ್ ಪಂದ್ಯ ತವರಿನಲ್ಲಿ ಆಡಿದರೆ ನಿಜಕ್ಕೂ ಲಾಭ ಇದೆಯಾ?

ಕೆನಡಾದಲ್ಲಿದ್ದು ಬಂದ ಗೆಳೆಯ ಐಸ್ ಹಾಕಿಯ ಕಥೆ ತೆಗೆದ. ಅಲ್ಲಿ ಆಟ ನಿಂತಾಗ ಆಟಗಾರರನ್ನು ಕೊನೆಗೆ ಬದಲಿಸುವ ಅವಕಾಶ ತವರು ತಂಡದ್ದು. ಎದುರಿನವರು ಯಾರನ್ನು ಇಳಿಸಿದರು ಅಂತ ನೋಡಿಕೊಂಡು ತಮ್ಮವರನ್ನು ಇಳಿಸಬಹುದು. 2011ರ ಸ್ಟ್ಯಾನ್ಲಿ ಕಪ್ ಫೈನಲ್ಸ್‌ನಲ್ಲಿ ಮೊದಲ ಆರೂ ಪಂದ್ಯ ಆಯಾ ತವರಿನವರೇ ಗೆದ್ದರು. ಕಪ್ ನಿರ್ಧರಿಸುವ ಏಳನೆಯದು ವ್ಯಾಂಕೂವರ್‌ನಲ್ಲಿ. ಬಾಸ್ಟನ್ ಬಂದು 4-0 ಗೆದ್ದು ಹೋಯಿತು!

ನನಗೆ ನೆನಪಾದದ್ದು 2016ರ ಮೇ 29. ಹುನಗುಂದದ ಮನೆಯಲ್ಲಿ ನಾನು, ಅಪ್ಪ ಟೀವಿ ಮುಂದೆ. ಐದು ದಿನ ಮೊದಲು ಚಿನ್ನಸ್ವಾಮಿಯಲ್ಲೇ ಕ್ವಾಲಿಫೈಯರ್ ಗೆದ್ದಿದ್ದ ಆರ್‌ಸಿಬಿ, ಅಲ್ಲೇ ಫೈನಲ್. 209 ಬೇಕು. ಗೇಲ್, ಕೊಹ್ಲಿ ಮೊದಲ ವಿಕೆಟ್ಟಿಗೇ 114 ಹೊಡೆದರು. ಆಮೇಲೆ... 8 ರನ್ನಿನಿಂದ ಸೋಲು. ಅಪ್ಪ ಟೀವಿ ಆರಿಸಿ ಅಂದರು, "ನೀ ಮಾಡಿದ್ದನ್ನ ಇವರೂ ಮಾಡಿದ್ರು ನೋಡು."

ನಾನು ಮಾಡಿದ್ದು ಇಷ್ಟೇ. ಹೈಸ್ಕೂಲಿನಲ್ಲಿದ್ದಾಗ ನಮ್ಮೂರಲ್ಲೇ ಕಬಡ್ಡಿ ಫೈನಲ್, ಎದುರಿಗೆ ಇಳಕಲ್ಲಿನ ಹುಡುಗರು. ನೆಲ ಎಲ್ಲಿ ಜಾರುತ್ತದೆ ಅಂತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಗೆರೆಯ ಪಕ್ಕದಲ್ಲೇ ಅಪ್ಪ ನಿಂತಿದ್ದರು. ಕೊನೇ ರೈಡು, ಒಂದು ಪಾಯಿಂಟ್ ಸಾಕಿತ್ತು. ಅಪ್ಪ ನೋಡಲಿ ಅಂತ ಎರಡಕ್ಕೆ ಕೈ ಹಾಕಿದೆ. ಹಿಡಿದು ಕೆಡವಿದರು. ಮುಂದೆ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಬಾದಾಮಿಗೆ ಆಡಲು ಹೋದೆವು. ಅಲ್ಲಿ ನನ್ನ ಗುರುತಿನವರು ಒಬ್ಬರೂ ಇಲ್ಲ. ಒಂದೊಂದೇ ಪಾಯಿಂಟ್ ತಂದು ಗೆದ್ದೆವು :)

2025ರಲ್ಲಿ ಆರ್‌ಸಿಬಿಯೂ ಹಾಗೇ ಮಾಡಿತು. ತವರಿನ ಮೊದಲ ಮೂರು ಪಂದ್ಯ ಸೋತಿತು, ಹೊರಗಿನ ಏಳೂ ಲೀಗ್ ಪಂದ್ಯ ಗೆದ್ದಿತು. ಅದೇ ಮೇ 29ರಂದು ಪಂಜಾಬಿನ ತವರು ಮುಲ್ಲನ್‌ಪುರದಲ್ಲಿ ಅವರನ್ನೇ 101ಕ್ಕೆ ಕಟ್ಟಿಹಾಕಿತು. ಜೂನ್ 3ಕ್ಕೆ ಅಹಮದಾಬಾದಿನಲ್ಲಿ, ಎರಡೂ ತಂಡಕ್ಕೆ ಪರಸ್ಥಳ, 6 ರನ್ನಿನಿಂದ ಕಪ್.

ಪರಿಚಿತ ನೆಲ, ನಮ್ಮವರ ಕೂಗು ಎಲ್ಲಾ ಲಾಭವೇ. ಸೀಸನ್ ಪೂರ್ತಿ ಲೆಕ್ಕ ಹಾಕಿದರೆ ಅದು ಕೂಡಿಬರಬಹುದು. ಆದರೆ ಒಂದೇ ಸಂಜೆಯ ಆಟದಲ್ಲಿ ಆ ಕೂಗೇ ಹೆಗಲ ಮೇಲೂ ಕೂರುತ್ತದೆ ಅಂತ ನನಗನ್ನಿಸುತ್ತದೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇಷ್ಟು ವರ್ಷ ಕೇಳದ್ದನ್ನು ಕೇಳಿಬಿಟ್ಟೆ. "ಅವತ್ತು ನೀವು ಬರದಿದ್ರ ನಾ ಗೆಲ್ತಿದ್ನೇನೋ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗೆಲ್ತಿದ್ಯೋ ಏನೋ. ಆದ್ರ ಸೋತಾಗ ಮನೀಗೆ ಯಾರ ಕೂಡ ಬರ್ತಿದ್ದಿ?"