ಸಹಿ ಹಾಕದ ಮೇಸ್ತ್ರಿ

ಮಗನಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂದು ಕೇಳುವವರು ಊರ ತುಂಬ ಸಿಗುತ್ತಾರೆ. ಐಟಿಐ ಮುಗಿಸಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದ ಹುಡುಗನನ್ನು ಮಾತ್ರ ಜನ ಕೇಳುವುದು ಒಂದೇ ಪ್ರಶ್ನೆ: ‘ತಿಂಗಳಿಗೆ ಎಷ್ಟು ಕೊಡ್ತಾರಪಾ?’ ಏನು ಕಲಿತೆ, ಯಾರು ಕಲಿಸಿದರು, ಕಲಿತದ್ದನ್ನು ಬರೆದಿಟ್ಟವರು ಯಾರು ಎಂದು ಕೇಳುವವರು ಅಪರೂಪ. ಹೆತ್ತವರೂ ಕೇಳುವುದಿಲ್ಲ.

ಹೂವಿನಹಡಗಲಿ ತಾಲ್ಲೂಕಿನ ಹೊಳಲು ಕೈಕೆಲಸದ ಬೆಲೆ ತಿಳಿಯದ ಊರೇನೂ ಅಲ್ಲ. ಅಲ್ಲಿನ ಅನಂತಶಯನ ಮೂರ್ತಿ ಸುತ್ತಲ ಸೀಮೆಗೆಲ್ಲ ಹೆಸರಾದದ್ದು. ಆ ಮೂರ್ತಿಗಾಗಿಯೇ ಕೃಷ್ಣದೇವರಾಯ ಹೊಸಪೇಟೆಯ ಹತ್ತಿರ ದೊಡ್ಡ ಗುಡಿ ಕಟ್ಟಿಸಿದ, ದೇವರು ಹೊಳಲು ಬಿಟ್ಟು ಕದಲಲಿಲ್ಲ ಎಂಬ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಆ ಕಲ್ಲು ಕಡೆದವನೂ ಒಂದು ಕಾಲಕ್ಕೆ ಯಾರೋ ಹಿರಿಯನ ಪಕ್ಕದಲ್ಲಿ ಕುಳಿತು ಉಳಿ ಹಿಡಿಯಲು ಕಲಿತವನೇ ಇರಬೇಕು. ಒಬ್ಬನೇ ಗುರುವಿನ ಬಳಿ ವರ್ಷಗಟ್ಟಲೆ ಇರುವವನಿಗೆ ಗುರುವಿನ ಕಣ್ಣೇ ದಾಖಲೆ. ಕಾರ್ಖಾನೆಯಲ್ಲಿ ಹಾಗಲ್ಲ. ಪಾಳಿ ಬದಲಾಗುತ್ತದೆ, ವಿಭಾಗ ಬದಲಾಗುತ್ತದೆ, ಕಲಿಸುವವರೂ ಬದಲಾಗುತ್ತಾರೆ. ಒಬ್ಬರು ಕಂಡದ್ದನ್ನು ಬರೆದಿಡದಿದ್ದರೆ ಮುಂದಿನವರಿಗೆ ಹುಡುಗ ಎಲ್ಲಿಗೆ ಬಂದು ನಿಂತಿದ್ದಾನೆಂಬುದೇ ತಿಳಿಯದು.

1961ರ ಅಪ್ರೆಂಟಿಸ್ ಕಾಯ್ದೆಯನ್ನು ಮಾಡಿದವರಿಗೆ ಇದು ಗೊತ್ತಿತ್ತು. ತರಬೇತಿಗೆ ಮುಂಚೆ ಕರಾರು ಆಗಬೇಕು. ಹುಡುಗ ಅಪ್ರಾಪ್ತನಾಗಿದ್ದರೆ ಅವನ ಪರವಾಗಿ ಪಾಲಕರು ಕರಾರು ಮಾಡಿಕೊಳ್ಳಬೇಕು. ಅಪ್ರೆಂಟಿಸ್ ಎಂದರೆ ಕಾರ್ಮಿಕನಲ್ಲ, ಕಲಿಯಲು ಬಂದವನು ಎಂದು 18ನೇ ಕಲಮು ಹೇಳುತ್ತದೆ. ತರಬೇತಿಯ ಹೊಣೆಯನ್ನು ಅರ್ಹರಾದವರ ಕೈಗೇ ಒಪ್ಪಿಸಬೇಕೆಂದು 11ನೆಯದು, ಹುಡುಗ ಶ್ರದ್ಧೆಯಿಂದ ಕಲಿಯಬೇಕೆಂದು 12ನೆಯದು ವಿಧಿಸುತ್ತವೆ. ಪ್ರತಿಯೊಬ್ಬನ ಪ್ರಗತಿಯ ದಾಖಲೆ ಇಡುವುದು ಮಾಲೀಕರ ಕರ್ತವ್ಯ ಎನ್ನುವುದು 19ನೇ ಕಲಮು. ಕಾಯ್ದೆ ದಾಖಲೆಯನ್ನು ಕೇಳಬಲ್ಲದು. ಬರೆಯುವವನ ಮನಸ್ಸಿಗೆ ಪ್ರಾಮಾಣಿಕತೆಯನ್ನು ತುಂಬಲಾರದು.

ಹೊಳಲಿನ ರೈತನೊಬ್ಬನ ಮಗನ ಸಂಗತಿಯನ್ನೇ ನೋಡಿ. ಫಿಟ್ಟರ್ ಟ್ರೇಡಿನಲ್ಲಿ ಐಟಿಐ ಮುಗಿಸಿ ಒಂದು ವರ್ಷದ ತರಬೇತಿಗೆಂದು ಹೊಸಪೇಟೆ ಕಡೆಯ ಒಂದು ಕಾರ್ಖಾನೆ ಸೇರಿದ. ಮೊದಲ ಮೂರು ತಿಂಗಳು ಸಾಮಾನು ಹೊತ್ತ, ಚಹಾ ತಂದ, ದೂರ ನಿಂತು ನೋಡಿದ. ದಿನಚರಿ ಪುಸ್ತಕವನ್ನು ಶನಿವಾರಕ್ಕೊಮ್ಮೆ ಗೆಳೆಯನದನ್ನು ನೋಡಿ ತುಂಬುತ್ತಿದ್ದ. ಮೇಲಿನವರು ತಿರುವಿಯೂ ನೋಡದೆ ಪುಟಕ್ಕೊಂದು ಸಹಿ ಹಾಕುತ್ತಿದ್ದರು. ಪುಸ್ತಕದ ಪ್ರಕಾರ ಹುಡುಗ ಎಲ್ಲ ಕಲಿತಿದ್ದ. ಕೈಗೆ ಏನೂ ಬಂದಿರಲಿಲ್ಲ.

ನಾಲ್ಕನೇ ತಿಂಗಳು ಅವನನ್ನು ದುರಸ್ತಿ ವಿಭಾಗಕ್ಕೆ ಹಾಕಿದರು. ಅಲ್ಲಿನ ಹಿರಿಯ ಫಿಟ್ಟರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಒಂದು ದಿನ ಹುಡುಗ ಪಂಪಿನ ದಂಡಕ್ಕೆ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಪುಸ್ತಕದಲ್ಲಿ ‘ಬೇರಿಂಗ್ ಹಾಕಿದೆ’ ಎಂದು ಬರೆದು ಸಹಿಗೆ ಒಡ್ಡಿದ. ಮೇಸ್ತ್ರಿ ದಂಡವನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿ, ಬೇರಿಂಗ್ ಕಳಚಿಸಿದರು. ಪುಸ್ತಕದಲ್ಲಿ ಸಹಿಯ ಬದಲು ಎರಡು ಸಾಲು ಬರೆದರು: ‘ಬಂದಿಲ್ಲ. ಸುತ್ತಿಗೆಯಿಂದ ಬಡಿದ. ಕಾಯಿಸುವುದು ಯಾಕೆಂದು ಗೊತ್ತಿಲ್ಲ.’

ಊರಿಗೆ ಬಂದ ಹುಡುಗ ಸಪ್ಪಗಿದ್ದ. ಸಂಗತಿ ತಿಳಿದ ತಂದೆ ಸೋಮವಾರ ಅವನ ಜೊತೆಗೇ ಬಸ್ಸು ಹತ್ತಿದ.

‘ಒಂದು ಸಹಿ ಹಾಕಿಬಿಡ್ರಿ ಸಾಹೇಬ್ರ. ಹುಡುಗನ ಬಾಳೇವು ಹಾಳಾಗತೈತಿ’ ಎಂದು ಕೈ ಮುಗಿದ.

ಮೇಸ್ತ್ರಿ ಅವನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದರು: ‘ಯಜಮಾನ್ರ, ನಿಮ್ಮ ಹೊಲದಾಗ ಹೊಸಬ ಕೂರಿಗೆ ಹಿಡಿದು ಸಾಲು ಸೊಟ್ಟ ಬಿತ್ತಿದಾ ಅಂತ ತಿಳೀರಿ. ಚಲೋ ಬಿತ್ತೀದಿ ಅಂತ ನೀವು ಅಂದ್ರ ಬೆಳಿ ನೆಟ್ಟಗ ಹುಟ್ಟತೈತೇನ್ರಿ?’

ತಂದೆ ಸುಮ್ಮನಾದ. ಮೇಸ್ತ್ರಿ ಮುಂದುವರಿಸಿದರು: ‘ಬಡಿದು ಹಾಕಿದ ಬೇರಿಂಗ್ ಇವತ್ತು ತಿರುಗತೈತಿ. ಒಳಗ ಗುಂಡಿನ ದಾರಿಗೆ ಪೆಟ್ಟು ಬಿದ್ದಿರತೈತಿ. ಒಂದಿನ ಓಡೋ ಮಷೀನದಾಗ ಕಚ್ಚಿ ಹಿಡೀತೈತಿ. ಆಗ ಪಕ್ಕದಾಗ ನಿಂತಾವ ನಿಮ್ಮ ಮಗನೇ ಇರಬಹುದು. ನಾ ಬರೆದದ್ದು ಅವಂಗ ಬೈಯಾಕಲ್ರಿ, ನಾಳೆ ಏನು ಕಲಿಸಬೇಕು ಅಂತ ನನಗ ನೆನಪಿರಲಿ ಅಂತ.’

ಆಮೇಲೆ ಹುಡುಗನತ್ತ ತಿರುಗಿದರು. ‘ತಮ್ಮಾ, ಊರಾಗ ಕಮ್ಮಾರ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕೋದು ನೋಡಿಯೇನು?’

‘ನೋಡೀನ್ರಿ. ಬೆಂಕಿಯಾಗ ಕಾಸಿ ಹಾಕ್ತಾರ.’

‘ಯಾಕ ಕಾಸ್ತಾರ?’

ಶಾಲೆಯಲ್ಲಿ ಉಷ್ಣದಿಂದ ಲೋಹ ಹಿಗ್ಗುತ್ತದೆಂದು ಬರೆದು ಅಂಕ ಪಡೆದವನಿಗೆ ಅಂದು ಆ ಪಾಠ ಕೈಗೆ ಹತ್ತಿತು. ಬೇರಿಂಗನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರ ರಂಧ್ರ ಕೂದಲೆಳೆಯಷ್ಟು ಹಿಗ್ಗುತ್ತದೆ, ದಂಡದ ಮೇಲೆ ಸಲೀಸಾಗಿ ಜಾರುತ್ತದೆ, ತಣಿದಾಗ ಬಿಗಿಯಾಗಿ ಹಿಡಿಯುತ್ತದೆ. ಪೆಟ್ಟು ಬೇಕಿಲ್ಲ.

ಅಂದಿನಿಂದ ಮೇಸ್ತ್ರಿ ಪ್ರತಿ ಕೆಲಸದ ಮುಂದೆ ನಾಲ್ಕು ಮನೆ ಗೆರೆ ಹಾಕಿಸಿದರು: ನೋಡಿದ, ಜೊತೆಗೆ ನಿಂತು ಮಾಡಿದ, ತಾನೇ ಮಾಡಿದ, ಇನ್ನೊಬ್ಬನಿಗೆ ಹೇಳಿಕೊಟ್ಟ. ಅಳತೆ, ತಾರೀಖು, ಆದ ತಪ್ಪು, ಇವನ್ನು ಹುಡುಗ ಅಂದಂದೇ ಬರೆಯಬೇಕು. ತಾವು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಮೇಸ್ತ್ರಿಯ ಸಹಿ. ‘ಬಂದಿಲ್ಲ’ ಎಂಬ ಹಳೆಯ ಸಾಲನ್ನು ಹೊಡೆದುಹಾಕಲು ಬಿಡಲಿಲ್ಲ. ಎರಡು ತಿಂಗಳ ನಂತರ ಅದರ ಕೆಳಗೆ ಇನ್ನೊಂದು ಸಾಲು ಬಂತು: ‘ತಾನೇ ಮಾಡಿದ. ಸರಿಯಿದೆ.’ ವರ್ಷದ ಕೊನೆಯಲ್ಲಿ ಹೊಸದಾಗಿ ಬಂದ ಹುಡುಗನಿಗೆ ಬೇರಿಂಗ್ ಕಾಯಿಸುವುದನ್ನು ಹೇಳಿಕೊಟ್ಟವನು ಇವನೇ.

ಕಲಿಯುವವನು ತಾನೇ ಬರೆದಿಡುವುದರ ಬಲವನ್ನು ವಿಜ್ಞಾನದ ಚರಿತ್ರೆಯೂ ತೋರಿಸುತ್ತದೆ. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ 1805ರಲ್ಲಿ, 14ನೇ ವಯಸ್ಸಿಗೆ, ಲಂಡನ್ನಿನ ರೀಬೋ ಎಂಬಾತನ ಬಳಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಹುಡುಗ ಕಟ್ಟುವ ಪುಸ್ತಕಗಳನ್ನು ಓದಿದರೆ ರೀಬೋ ಗದರಲಿಲ್ಲ, ಸಣ್ಣಪುಟ್ಟ ಪ್ರಯೋಗ ಮಾಡಲೂ ಬಿಟ್ಟ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದ ಫ್ಯಾರಡೆ ಎಲ್ಲವನ್ನೂ ಬರೆದುಕೊಂಡು, ಸುಮಾರು 300 ಪುಟಗಳಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಹೆಚ್ಚು ಶಾಲೆ ಓದದವನಿಗೆ ಆ ಪುಸ್ತಕವೇ ಪ್ರಮಾಣಪತ್ರವಾಯಿತು.

ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದಾಗ ಮೊದಲು ಶೂನ್ಯ ದೋಷ ನೋಡುತ್ತೀರಿ. ದೋಷವಿದ್ದರೆ ಉಪಕರಣವನ್ನು ಎಸೆಯುವುದಿಲ್ಲ, ಅದನ್ನು ಬರೆದುಕೊಂಡು ಲೆಕ್ಕದಲ್ಲಿ ಸರಿಪಡಿಸುತ್ತೀರಿ. ದೋಷವನ್ನು ಮುಚ್ಚಿಟ್ಟರೆ ಮುಂದಿನ ಅಳತೆಗಳೆಲ್ಲ ತಪ್ಪು. ‘ನನಗೆ ಇದು ಬಂದಿಲ್ಲ’ ಎಂದು ಬರೆಯುವುದು ಅವಮಾನವಲ್ಲ.

ಇನ್ನು ಪಾಲಕರು. ಮಗನೋ ಮಗಳೋ ತರಬೇತಿಯಿಂದ ರಜೆಗೆ ಬಂದಾಗ ಶಿಷ್ಯವೇತನದ ಲೆಕ್ಕ ಆಮೇಲೆ ಕೇಳಿದರಾಯಿತು. ಊಟವಾದ ಮೇಲೆ ‘ಪುಸ್ತಕ ತಗೊಂಡು ಬಾ’ ಎನ್ನಿ. ಓದು ಬಾರದಿದ್ದರೂ ಚಿಂತೆಯಿಲ್ಲ, ಅವರಿಂದಲೇ ಓದಿಸಿ. ಈ ತಿಂಗಳು ಯಾವುದನ್ನು ನೀನೇ ಮಾಡಿದೆ, ಯಾವುದು ಕೆಟ್ಟಿತು, ಯಾರು ತಿದ್ದಿದರು ಎಂದು ಕೇಳಿ. ಪುಟಗಳಲ್ಲಿ ಬರೀ ಸಹಿಗಳೇ ಇದ್ದು ಒಂದೂ ತಿದ್ದುಪಡಿ ಕಾಣದಿದ್ದರೆ, ಒಮ್ಮೆ ಬಸ್ಸು ಹತ್ತಿ ಕಲಿಸುವವರನ್ನು ಕಂಡು ಬನ್ನಿ.