ವಿಡಿಯೊದಲ್ಲಿ ಹಾರ್ಮೋನಿಯಂ ಮೇಷ್ಟ್ರೇ ಇರಲಿಲ್ಲ

ಹೋದ ವರ್ಷ ಬೇಸಿಗೆಯಲ್ಲಿ ನಂಜನಗೂಡು ಕಡೆಯ ಒಂದು ಊರಲ್ಲಿ ‘ಕುರುಕ್ಷೇತ್ರ’ ನಾಟಕ ಇತ್ತು. ನಾವು ಮೂವರು ಎರಡು ಫೋನು, ಒಂದು ಪವರ್ ಬ್ಯಾಂಕು, ಕಾಲು ಮುರಿದ ಒಂದು ಸ್ಟ್ಯಾಂಡು ಹಿಡಿದುಕೊಂಡು ರಾತ್ರಿ ಒಂಬತ್ತಕ್ಕೇ ಹೋಗಿ ಸ್ಟೇಜಿನ ಮುಂದೆ ಜಾಗ ಹಿಡಿದೆವು. ಬೆಳಿಗ್ಗೆ ಆರರವರೆಗೆ ಬಿಟ್ಟು ಬಿಟ್ಟು ರೆಕಾರ್ಡ್ ಮಾಡಿದೆವು. ಕೃಷ್ಣನ ಎಂಟ್ರಿ, ದುರ್ಯೋಧನನ ಎಂಟ್ರಿ, ದ್ರೌಪದಿಯ ಹಾಡು, ನೋಟಿನ ಹಾರ, ಒನ್ಸ್ ಮೋರ್ ಎಲ್ಲವೂ ಸಿಕ್ಕಿತು. ಅಷ್ಟು ಖುಷಿಯಿಂದ ನಾವು ಯಾವತ್ತೂ ಊರಿಗೆ ವಾಪಸ್ ಬಂದಿರಲಿಲ್ಲ.

ಒಂದು ವಾರ ಬಿಟ್ಟು ನಾಟಕ ಕಲಿಸಿದ ಮೇಷ್ಟ್ರ ಮನೆಗೆ ಹೋದೆವು. ವಿಡಿಯೊಗಳನ್ನು ಅವರ ಫೋನಿಗೆ ಹಾಕಿಕೊಟ್ಟು ಬರೋಣ ಅಂತ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಒಂದು ವಿಡಿಯೊ ಮುಗಿದರೆ ಇನ್ನೊಂದು. ಕೊನೆಗೆ “ದುರ್ಯೋಧನ ಚೆನ್ನಾಗ್ ಮಾಡವ್ನೆ ಕಣ್ರಪ್ಪಾ” ಅಂತ ಹೇಳಿ ಫೋನನ್ನು ಪಕ್ಕಕ್ಕಿಟ್ಟರು. ಟೀ ಬಂತು, ಕುಡಿದೆವು, ಹೊರಟೆವು.

ಬಸ್ಸಿನಲ್ಲಿ ಬರುವಾಗ ನಮ್ಮಲ್ಲೊಬ್ಬನಿಗೆ ಹೊಳೆಯಿತು. ಅಷ್ಟೂ ವಿಡಿಯೊದಲ್ಲಿ ಮೇಷ್ಟ್ರು ಒಂದು ಕಡೆಯೂ ಇಲ್ಲ. ಒಂದೇ ಒಂದು ಕಡೆ ಮೂಲೆಯಲ್ಲಿ ಅವರ ಮೊಣಕೈ ಕಾಣುತ್ತದೆ, ಅಷ್ಟೆ. ಅದು ಆಕಸ್ಮಿಕವೂ ಅಲ್ಲ. ಅವತ್ತು ಸ್ಟೇಜಿನ ಮುಂದೆ ಕೂತಿದ್ದ ಅವರ ತಲೆ ಅಡ್ಡ ಬರುತ್ತಿದೆ ಅಂತ ಫೋನನ್ನು ಪಕ್ಕಕ್ಕೆ ಸರಿಸಿದ್ದು ನಾವೇ.

ನಮ್ಮ ಕಡೆಯ ನಾಟಕ ನೋಡಿದವರಿಗೆ ಹಾರ್ಮೋನಿಯಂ ಮೇಷ್ಟ್ರು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇವೆ, ಯಾಕಂದರೆ ನಾವೇ ಸರಿಯಾಗಿ ನೋಡಿರಲಿಲ್ಲ. ಮೂರು ನಾಲ್ಕು ತಿಂಗಳು ರಾತ್ರಿ ಹೊತ್ತು ಊರಿಗೆ ಬಂದು ಕಲಿಸುವವರು ಅವರು. ಹಗಲೆಲ್ಲ ಕಬ್ಬಿಗೆ ನೀರು ಕಟ್ಟಿ ಬಂದವನಿಗೆ ಕಂದ, ವೃತ್ತ ಹೇಳಿಕೊಡುವವರು ಅವರು. ನಾಟಕದ ದಿನ ಅವರ ಕೆಲಸ ಇನ್ನೂ ಜಾಸ್ತಿ. ಭೀಮನ ದನಿ ಒಂದು ಶ್ರುತಿಯಲ್ಲಿ, ಕೃಷ್ಣನದು ಇನ್ನೊಂದರಲ್ಲಿ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬಂದಿರುತ್ತಾರೆ. ಬಹಳ ಸಲ ಅವರು ಈ ಊರಿನವರ ಜೊತೆ ಒಂದು ದಿನವೂ ಪ್ರಾಕ್ಟೀಸ್ ಮಾಡಿರುವುದಿಲ್ಲ. ಬಣ್ಣ ಹಚ್ಚಿಕೊಂಡು ಬಂದು ಮೇಷ್ಟ್ರ ಹತ್ತಿರ ಬಗ್ಗಿ “ಐದೂವರೆ ಮನೆ” ಅಂತಾರೆ. ಮುಗಿಯಿತು. ಯುಗಳಗೀತೆಯಲ್ಲಿ ಗಂಡಸಿನ ದನಿಯನ್ನೂ ಅವರ ದನಿಯನ್ನೂ ಒಂದೇ ದಾರಿಗೆ ತರುವುದು ಇವರ ಬೆರಳಿನ ಕೆಲಸ. ಯಾರಾದರೂ ಮಾತು ಮರೆತರೆ ಜನಕ್ಕೆ ಗೊತ್ತಾಗದ ಹಾಗೆ ಇನ್ನೊಂದು ಸುತ್ತು ನುಡಿಸಿ ನೆನಪಾಗುವವರೆಗೆ ಕಾಯುತ್ತಾರೆ.

ಮನೆಯಲ್ಲಿ ಭಜನೆಗೆ ಇಟ್ಟುಕೊಳ್ಳುವ ಹಾರ್ಮೋನಿಯಂನಲ್ಲಿ ಒಂದು ಕೈ ತಿದಿ ಒತ್ತುವುದಕ್ಕೇ ಹೋಗುತ್ತದೆ. ನಾಟಕದ್ದು ಕಾಲು ಹಾರ್ಮೋನಿಯಂ. ಕುರ್ಚಿ ಮೇಲೆ ಕೂತು ಕಾಲಲ್ಲಿ ತಿದಿ ತುಳಿಯಬೇಕು, ಆಗ ಎರಡು ಕೈಯೂ ಬಿಡುವು. ರಾತ್ರಿ ಹತ್ತರಿಂದ ಬೆಳಗಿನ ಆರು. ಎಂಟು ಗಂಟೆ ತುಳಿಯುವುದು ಅಂದರೆ ನೀವೇ ಲೆಕ್ಕ ಹಾಕಿ.

ಈಗ ಸ್ವಲ್ಪ ದೂರದ ವಿಷಯ. ನಮ್ಮಲ್ಲೊಬ್ಬ ಇಯರ್‌ಫೋನ್ ಹಾಕಿಕೊಂಡು ಸಿಕ್ಕಿದ್ದನ್ನೆಲ್ಲ ಕೇಳುವವನು. ಅವನ ಫೋನಿನಲ್ಲಿ ಜಿಮ್ಮಿ ಸ್ಮಿತ್ ಅಂತ ಒಬ್ಬ ಅಮೆರಿಕದ ಕಲಾವಿದ ಇದ್ದ. ಜಾಜ್ ಸಂಗೀತದಲ್ಲಿ ಆರ್ಗನ್ ನುಡಿಸುವವನು. ಅವತ್ತು ಬಸ್ಸಿನಲ್ಲಿ ಒಂದು ಇಯರ್‌ಫೋನ್ ನಮ್ಮ ಕಿವಿಗೆ ತುರುಕಿ “ಇದು ಮೇಷ್ಟ್ರ ಪೆಟ್ಟಿಗೆ ಥರಾನೇ ಇಲ್ವಾ?” ಅಂದ. ಮೊದಲು ನಕ್ಕೆವು. ಆಮೇಲೆ ಟಿ. ನರಸೀಪುರ ಬರುವವರೆಗೆ ಕೇಳಿದೆವು.

ಆತ ನುಡಿಸುತ್ತಿದ್ದ ಪೆಟ್ಟಿಗೆಯ ಹೆಸರು ಹ್ಯಾಮಂಡ್ ಆರ್ಗನ್. ಇದನ್ನು ಕಂಡುಹಿಡಿದ ಲಾರೆನ್ಸ್ ಹ್ಯಾಮಂಡ್ ಗಡಿಯಾರ ಮಾಡುತ್ತಿದ್ದವನು. 1935ರಲ್ಲಿ ಮಾರುಕಟ್ಟೆಗೆ ಬಂತು. ದೊಡ್ಡ ಪೈಪ್ ಆರ್ಗನ್ ಕೊಳ್ಳಲು ಆಗದ ಚರ್ಚುಗಳು ಇದನ್ನು ಕೊಂಡವು. ತಿದಿ ಇಲ್ಲ, ಕರೆಂಟಿನಿಂದ ನಡೆಯುತ್ತದೆ. ಒಳಗೆ ಗಡಿಯಾರದ ಚಕ್ರದಂಥ ಹಲ್ಲಿನ ಚಕ್ರಗಳು ತಿರುಗುತ್ತವೆ. ಜಿಮ್ಮಿ ಸ್ಮಿತ್ ನುಡಿಸಿ ಹೆಸರು ಮಾಡಿದ ಬಿ-3 ಎಂಬ ಮಾಡೆಲ್, ಕಾಲುಮಣೆ ಮತ್ತು ಬೆಂಚು ಸೇರಿ ಸುಮಾರು 190 ಕಿಲೋ. ಅಂದರೆ ಹೆಚ್ಚು ಕಮ್ಮಿ ನಾಲ್ಕು ಮೂಟೆ ಸಿಮೆಂಟು. ಅದರ ಸ್ಪೀಕರ್ ಒಳಗೂ ಒಂದು ಕೊಂಬು ತಿರುಗುತ್ತಿರುತ್ತದೆ. ಚಿಕ್ಕವರಿದ್ದಾಗ ಟೇಬಲ್ ಫ್ಯಾನ್ ಮುಂದೆ ಬಾಯಿಟ್ಟು ಮಾತಾಡಿದರೆ ದನಿ ನಡುಗುತ್ತಿತ್ತಲ್ಲ, ಹಾಗೆ ಅದರ ಸ್ವರ ನಡುಗುತ್ತದೆ. ಕೆಳಗೆ ಕಾಲಿಗೂ ಮನೆಗಳಿವೆ. ಎಡಗೈ ಮತ್ತು ಕಾಲು ಸೇರಿಸಿ ಮಂದ್ರ ನುಡಿಸುತ್ತಿದ್ದುದರಿಂದ ಅವನಿಗೆ ಬೇಸ್ ನುಡಿಸಲು ಬೇರೆ ಆಳು ಬೇಕಿರಲಿಲ್ಲ.

ಅವನು ಹೆಚ್ಚಾಗಿ ನುಡಿಸಿದ್ದು ಬ್ಲೂಸ್. ಅಮೆರಿಕದ ದಕ್ಷಿಣದಲ್ಲಿ, ಗುಲಾಮರಾಗಿ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪುಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡು ಅದು. ಲೆಕ್ಕ ಸರಳ. ಹನ್ನೆರಡು ಸುತ್ತಿಗೆ ಒಂದು ಪದ. ಮೊದಲ ಸಾಲನ್ನು ಎರಡು ಸಲ ಹೇಳುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಮಂಟೇಸ್ವಾಮಿ ಕತೆ ಹೇಳುವ ನೀಲಗಾರರ ಹಿಮ್ಮೇಳದವರು ಸೊಲ್ಲು ತಿರುಗಿ ಹೇಳುವಾಗ ಮುಂದಿನವರಿಗೆ ಉಸಿರು ತೆಗೆದುಕೊಳ್ಳಲು ಟೈಮ್ ಸಿಗುತ್ತದಲ್ಲ, ಇಲ್ಲಿಯೂ ಹಾಗೇ. ಎರಡೂ ಒಂದೇ ಅಂತ ನಾವು ಹೇಳುತ್ತಿಲ್ಲ.

ಜಿಮ್ಮಿ ಸ್ಮಿತ್ ತನ್ನ ರೆಕಾರ್ಡಿಗೆ ಬೇರೆ ಕಲಾವಿದರನ್ನು ಕರೆಸುತ್ತಿದ್ದ. 1958ರಲ್ಲಿ ‘ದಿ ಸರ್ಮನ್’ ಅಂತ ಒಂದು ಬ್ಲೂಸ್ ನುಡಿಸಿದ, ಒಂದೇ ಹಾಡು ಇಪ್ಪತ್ತು ನಿಮಿಷ. ಟ್ರಂಪೆಟ್ಟಿಗೆ ಲೀ ಮಾರ್ಗನ್, ಸ್ಯಾಕ್ಸೊಫೋನಿಗೆ ಲೂ ಡೊನಾಲ್ಡ್‌ಸನ್ ಮತ್ತು ಟೀನಾ ಬ್ರೂಕ್ಸ್, ಗಿಟಾರಿಗೆ ಕೆನ್ನಿ ಬರೆಲ್, ಡ್ರಮ್ಮಿಗೆ ಆರ್ಟ್ ಬ್ಲೇಕಿ. ಒಬ್ಬೊಬ್ಬರೇ ಮುಂದೆ ಬಂದು ತಮ್ಮ ಮಾತು ಮುಗಿಸಿ ಹೋಗುತ್ತಾರೆ. ಆರ್ಗನ್ ಮಾತ್ರ ಅವರ ಕೆಳಗೆ ನೆಲದ ಹಾಗೆ ಇರುತ್ತದೆ. 2001ರಲ್ಲಿ, ವಯಸ್ಸಾದ ಮೇಲೆ, ‘ಡಾಟ್ ಕಾಮ್ ಬ್ಲೂಸ್’ ಅಂತ ಇನ್ನೊಂದು ಆಲ್ಬಂ. ಅದರಲ್ಲಿ ಬಿ.ಬಿ. ಕಿಂಗ್, ಎಟ್ಟಾ ಜೇಮ್ಸ್, ಡಾಕ್ಟರ್ ಜಾನ್, ಕೆಬ್ ಮೋ, ತಾಜ್ ಮಹಲ್ ಅತಿಥಿಗಳು. (ತಾಜ್ ಮಹಲ್ ಅನ್ನುವುದು ಒಬ್ಬ ಗಾಯಕ ಇಟ್ಟುಕೊಂಡ ಹೆಸರು, ತಮಾಷೆ ಅಲ್ಲ.) ಬಿ.ಬಿ. ಕಿಂಗ್ ಹಾಡಿದ್ದು ‘ತ್ರೀ ಓ ಕ್ಲಾಕ್ ಬ್ಲೂಸ್’. ಐವತ್ತು ವರ್ಷದ ಹಿಂದೆ ಅವನಿಗೆ ಹೆಸರು ತಂದುಕೊಟ್ಟ ಹಾಡೇ ಅದು. ರಾತ್ರಿ ಮೂರು ಗಂಟೆ, ನಿದ್ದೆ ಬಾರದವನ ಹಾಡು.

ನಮ್ಮ ತಲೆ ಕೆಡಿಸಿದ್ದು ಒಂದೇ ವಿಷಯ. ಅಲ್ಲಿ ಎಂಥೆಂಥ ದೊಡ್ಡ ಹಾಡುಗಾರರು ಬಂದರೂ ಆಲ್ಬಂ ಮೇಲಿನ ಹೆಸರು ಪೆಟ್ಟಿಗೆ ನುಡಿಸಿದವನದು. ಹಾಡಿದವರು ಅತಿಥಿಗಳು. ಇಲ್ಲಿ ನಾಲ್ಕು ತಿಂಗಳು ಕಲಿಸಿ, ಎಂಟು ಗಂಟೆ ತುಳಿದವರ ತಲೆ ನಮಗೆ ಅಡ್ಡ ಬಂದಿತ್ತು.

ಟಿ. ನರಸೀಪುರದಲ್ಲಿ ಇಳಿದಾಗ ಇನ್ನೊಂದು ನೆನಪಾಯಿತು. ಹೊಳೆ ಆಚೆಯ ತಿರುಮಕೂಡಲಿನಲ್ಲೇ ಅಲ್ಲವೇ ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು? ಅವರೂ ದೊಡ್ಡ ದೊಡ್ಡ ಹಾಡುಗಾರರಿಗೆ ಪಕ್ಕವಾದ್ಯ ನುಡಿಸಿದವರು. ಮೈಕು ಇಲ್ಲದ ಕಾಲ, ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿದರು. ಪಕ್ಕದಲ್ಲಿ ಕೂತವನ ನಾದವೂ ಕೊನೆಯ ಸಾಲಿಗೆ ಮುಟ್ಟಬೇಕು ಅಂತ ಹಟ ಹಿಡಿದ ಮನುಷ್ಯ ನಮ್ಮ ತಾಲ್ಲೂಕಿನವರು. ಬೆಂಗಳೂರಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಹಾಲ್ ಮುಂದೆ ನಾವೂ ಸೆಲ್ಫಿ ತೆಗೆದುಕೊಂಡಿದ್ದೇವೆ. ಈ ಸಂಗತಿ ಆಗ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಮೇಷ್ಟ್ರ ಹತ್ತಿರ ಹೋದೆವು. ತಪ್ಪಾಯಿತು ಅಂದೆವು. “ಅಯ್ಯೋ ಬುಡ್ರಪ್ಪಾ, ಜನ ಪಾತ್ರದೋರ್ನ ನೋಡಾಕೆ ತಾನೆ ಬರದು” ಅಂದರು. ಮಾತು ಮಾತಲ್ಲೇ ಗೊತ್ತಾಯಿತು, ಇಷ್ಟು ವರ್ಷ ನುಡಿಸಿದರೂ ಅವರದೇ ಅನ್ನುವ ಒಂದು ರೆಕಾರ್ಡಿಂಗ್ ಇಲ್ಲ. ಮೊಣಕಾಲು ನೋವು. ಡಾಕ್ಟರು ತುಳಿಯುವುದು ಬೇಡ ಅಂದಿದ್ದಾರಂತೆ. ಈಗ ಹೊಸ ಹುಡುಗರು ಕೀಬೋರ್ಡ್ ತರುತ್ತಾರೆ, ಒಂದು ಬಟನ್ ಒತ್ತಿದರೆ ಶ್ರುತಿ ಬದಲಾಗುತ್ತದೆ. ನಾವು ಅದನ್ನು ಬಯ್ಯುವುದಿಲ್ಲ. ಬೈಕಿನ ಹಿಂದೆ ಕಟ್ಟಿಕೊಂಡು ಬರಬಹುದಾದ ಪೆಟ್ಟಿಗೆಯನ್ನು ಬಿಟ್ಟು ಟೆಂಪೊ ಮಾಡಿಸಿ ಅಂತ ಯಾರಿಗೆ ಹೇಳುವುದು?

ಜಿಮ್ಮಿ ಸ್ಮಿತ್‌ನ ಇಪ್ಪತ್ತು ನಿಮಿಷದ ಬ್ಲೂಸ್ ಹಾಕಿ ಕೊಟ್ಟೆವು. “ಇದೇನ್ ಚರ್ಚಿಂದಾ?” ಅಂದರು ಮೊದಲು. ಐದು ನಿಮಿಷ ಆದ ಮೇಲೆ ಅವರ ಬಲಗಾಲು ನೆಲ ಒತ್ತುತ್ತಿತ್ತು. ಹನ್ನೆರಡು ಸುತ್ತು ಮುಗಿದು ಮೊದಲ ಸ್ವರಕ್ಕೆ ಬಂದಾಗಲೆಲ್ಲ “ಬಂದ ನೋಡು ಮನೆಗೆ” ಅನ್ನುತ್ತಿದ್ದರು. ಬ್ಲೂಸ್ ಅಂದರೇನು ಅಂತ ನಾವು ಹೇಳುವ ಮೊದಲೇ ಲೆಕ್ಕ ಹಿಡಿದಿದ್ದರು. “ಒಂದೇ ಸ್ವರ ಎಷ್ಟೊತ್ತು ಹಿಡ್ಕಂಡವ್ನೆ, ಪಕ್ಕದ ಮನೆ ಸವರ್ಕಂಡು ಬತ್ತಾನೆ. ಗಮಕ ಬರಲ್ಲ ಅಂತ ಬಯ್ತಿದ್ರಲ್ಲ ನಮ್ ಪೆಟ್ಗೆನ, ಇವ್ನ್ಗೂ ಅದೇ ಪಾಡು” ಅಂದರು. ಅವರು ಹೇಳಿದ್ದು ನಿಜ. ಸ್ವರ ಜಾರುವುದಿಲ್ಲ ಅನ್ನುವ ಕಾರಣಕ್ಕೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಲ್ಲಿಸಿತು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಹಳ್ಳಿ ನಾಟಕಗಳಿಗೆ ಆ ಸುದ್ದಿ ಮುಟ್ಟಿದ ಹಾಗೆ ಕಾಣಲಿಲ್ಲ.

“ಮೇಷ್ಟ್ರೇ, ನಿಮ್ಮದೇ ಒಂದು ರೆಕಾರ್ಡ್ ಮಾಡ್ತೀವಿ” ಅಂದೆವು. ಒಪ್ಪಿದರು. ಆದರೆ ಪೆಟ್ಟಿಗೆ ಮುಂದೆ ಕೂತು ಸುಮ್ಮನಾದರು. “ಹಾಡೋರಿಲ್ದೆ ನಾನೇನ್ ನುಡಿಸ್ಲಿ?” ಅದು ಬಿಂಕ ಅಲ್ಲ. ಇಷ್ಟು ವರ್ಷ ಬೇರೆಯವರ ಬಾಯಿ ನೋಡಿಕೊಂಡೇ ಆ ಬೆರಳು ಓಡಿವೆ.

ಅದಕ್ಕೆ ನಾವೇ ಅತಿಥಿಗಳನ್ನು ಹುಡುಕಿದೆವು. ಹೋದ ವರ್ಷದ ದುರ್ಯೋಧನ ಗದ್ದೆಯಿಂದ ನೇರ ಬಂದ, ಕಾಲಲ್ಲಿ ಕೆಸರು ಹಾಗೇ ಇತ್ತು. ತಬಲದವರು ಬಂದರು. ದ್ರೌಪದಿ ಮಾಡಿದ್ದ ಕಲಾವಿದೆ ಬೇರೆ ನಾಟಕಕ್ಕೆ ಹೋಗುವ ದಾರಿಯಲ್ಲಿ ಒಂದು ಗಂಟೆ ಇಳಿದರು, ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. “ನಂಗೆ ಎಷ್ಟ್ ಸಲ ಮಾನ ಉಳಿಸವ್ರೆ ಮೇಷ್ಟ್ರು” ಅಂದರು. ಒಂದು ಫೋನನ್ನು ಮೇಷ್ಟ್ರ ಕೈ ಮೇಲೆ, ಇನ್ನೊಂದನ್ನು ಕಾಲಿನ ಹತ್ತಿರ ಇಟ್ಟೆವು. ಹಾಡುವವರಿಗೆ ಫೋನೇ ಇರಲಿಲ್ಲ, ದನಿ ಮಾತ್ರ ಬಂತು.

ನಲವತ್ತು ನಿಮಿಷ ರೆಕಾರ್ಡ್ ಆಯಿತು. ಕೇಳಿಸಿದಾಗ ಮೇಷ್ಟ್ರು ಮುಖ ಗಂಟಿಕ್ಕಿದರು. ತಿದಿಯ ಕಿರ್ರ್ ಕಿರ್ರ್ ಸದ್ದು ಹಾಡಿನಷ್ಟೇ ಜೋರಾಗಿ ಬಂದಿತ್ತು. ನಮಗೆ ಅದೇ ಇಷ್ಟವಾಗಿತ್ತು, ಅವರಿಗೆ ಸ್ವಲ್ಪವೂ ಇಲ್ಲ. “ಎಣ್ಣೆ ಬುಟ್ಟಿಲ್ಲ ಅಂತ ಜನ ನಗ್ತಾರೆ. ಇನ್ನೊಂದ್ ಕಿತ ತಕ್ಕಳಿ” ಅಂದರು.

ಮಂಡಿ ನೋವು ಕಮ್ಮಿಯಾದ ಮೇಲೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ನಾವು ಒಂದು ಸಣ್ಣ ಡಬ್ಬಿಯಲ್ಲಿ ಹೊಲಿಗೆ ಮಿಷಿನ್ ಎಣ್ಣೆ ತಂದಿಟ್ಟುಕೊಂಡಿದ್ದೇವೆ.