ಚಿಮಣಿ

ನಾವು ಮೂವರು ಒಡಹುಟ್ಟಿದವರು. ಇಬ್ಬರು ಮುಂಬಯಿಯಲ್ಲಿ, ಒಬ್ಬಳು ಪುಣೆಯಲ್ಲಿ ನೆಲೆಸಿ ಇಪ್ಪತ್ತು ವರ್ಷಗಳು ಕಳೆದಿವೆ. ನಾವು ಹುಟ್ಟಿದ್ದು ಸೊಲ್ಲಾಪುರದ ಆಚೆ, ಹೋಟಗಿಯನ್ನು ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ. ಮಹಾರಾಷ್ಟ್ರದ ನಕಾಶೆಯೊಳಗಿದ್ದರೂ ಅಲ್ಲಿ ಅಡಿಗೆಮನೆಯ ಮಾತು, ಜಗಳದ ಮಾತು, ದನಕರುಗಳೊಡನೆ ಆಡುವ ಮಾತು ಇಂದಿಗೂ ಕನ್ನಡವೇ. ರಾತ್ರಿ ಮುಂಬಯಿ ಬಿಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಗ್ಗೆ ನಮ್ಮನ್ನು ಸೊಲ್ಲಾಪುರದಲ್ಲಿ ಇಳಿಸುತ್ತದೆ. ಅಲ್ಲಿಂದ ಹೋಟಗಿ ರಸ್ತೆಯ ಬಸ್ಸು. ಆ ರಸ್ತೆಯಲ್ಲಿ ವಿಮಾನ ನಿಲ್ದಾಣವೂ ಇದೆ, ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇದೆ. ಈ ಎರಡು ನೆರೆಹೊರೆಗಳ ವ್ಯಾಜ್ಯ ನಮ್ಮ ಮನೆಯನ್ನೂ ಎರಡು ಪಾಲು ಮಾಡಿತ್ತು. ಅದನ್ನು ಬರೆಯಲು ಈಗ ಮನಸ್ಸಾಗಿದೆ.

ಬಾಲ್ಯದಲ್ಲಿ ವಿಮಾನ ನಿಲ್ದಾಣವೆಂದರೆ ನಮಗೆ ವಿಮಾನಗಳಿಲ್ಲದ ಒಂದು ಬಯಲು. ಮಂತ್ರಿಗಳು ಬಂದಾಗ ಮಾತ್ರ ಅಲ್ಲಿ ಗದ್ದಲ. 2009-10ರ ಸುಮಾರಿಗೆ ಕಿಂಗ್‌ಫಿಷರ್ ಕಂಪನಿಯ ವಿಮಾನ ಮುಂಬಯಿಗೆ ಕೆಲಕಾಲ ಹಾರಿ ನಿಂತುಹೋಯಿತು. ಕಾರ್ಖಾನೆಯದು ಬೇರೆ ಕಥೆ. ಕಬ್ಬು ಬೆಳೆಯುವವರೇ ಶೇರು ಕೊಂಡು ನಿಲ್ಲಿಸಿದ ಸಂಸ್ಥೆ ಅದು. ನಮ್ಮ ಅಪ್ಪನೂ ಒಬ್ಬ ಸದಸ್ಯರು. ನಾವು ಊರು ಬಿಟ್ಟ ಮೇಲೆ ಕಾರ್ಖಾನೆಯು ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸುವ ಘಟಕವನ್ನು ಕಟ್ಟಿತು. ಅದಕ್ಕಾಗಿ ಸುಮಾರು 90 ಮೀಟರ್ ಎತ್ತರದ ಒಂದು ಹೊಸ ಚಿಮಣಿ ಎದ್ದಿತು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಅದು ಕಾಣುತ್ತಿತ್ತು. ಹೊಗೆ ಎದ್ದಿತೆಂದರೆ ಹಂಗಾಮು ಶುರುವಾಯಿತೆಂದು ಲೆಕ್ಕ. ಹೊಗೆ ಯಾವ ಕಡೆ ಬಾಗಿದೆಯೆಂದು ನೋಡಿ ಅಪ್ಪ ಗಾಳಿಯ ದಿಕ್ಕನ್ನು ಹೇಳುತ್ತಿದ್ದರು.

ವಿಮಾನಯಾನದ ನಿಯಮಗಳಿಗೆ ಅದೇ ಚಿಮಣಿ ಬೇರೆಯಾಗಿ ಕಂಡಿತು. ವಿಮಾನ ಏರುವ ಮತ್ತು ಇಳಿಯುವ ದಾರಿಯಲ್ಲಿ ನೆಲದಿಂದ ಮೇಲೆ ಏನು ಎಷ್ಟು ಎತ್ತರವಿರಬಹುದೆಂಬುದಕ್ಕೆ ಒಂದು ಇಳಿಜಾರಿನ ಲೆಕ್ಕವಿದೆ. ಸಾಮಾನ್ಯವಾಗಿ ಓಡುದಾರಿಯ ತುದಿಯಿಂದ 50 ಮೀಟರ್ ದೂರ ಸರಿದರೆ ಒಂದು ಮೀಟರ್ ಎತ್ತರಕ್ಕೆ ಅವಕಾಶ. ಈ ಲೆಕ್ಕದಂತೆ ವಿಮಾನದ ದಾರಿಗೆ ನೇರವಾಗಿ ನಿಂತ 90 ಮೀಟರಿನ ಚಿಮಣಿ ನಾಲ್ಕೂವರೆ ಕಿಲೋಮೀಟರ್ ಆಚೆ ಇರಬೇಕು. ಕಾರ್ಖಾನೆ ಅಷ್ಟು ದೂರದಲ್ಲಿರಲಿಲ್ಲ. ಹೀಗಾಗಿ ಕಡತದಲ್ಲಿ ಚಿಮಣಿಯ ಹೆಸರು 'ಅಡಚಣೆ' ಎಂದಾಯಿತು. ನಮ್ಮಲ್ಲೊಬ್ಬರು ಕೇಂದ್ರ ಸರಕಾರದ ಕಚೇರಿಯಲ್ಲಿ ದಿನವೂ ಇಂಥ ಪದಗಳ ನಡುವೆಯೇ ಬದುಕುವವರು. ಒಂದು ವಸ್ತುವಿಗೆ ಕಡತದಲ್ಲಿ ಹೆಸರು ಬಿದ್ದ ಮೇಲೆ ಅದರ ಉಳಿದ ಹೆಸರುಗಳು ಯಾರಿಗೂ ನೆನಪಿರುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಮರಾಠಿಯಲ್ಲಿ 'ಚಿಮಣಿ' ಎಂದರೆ ಗುಬ್ಬಚ್ಚಿಯೂ ಹೌದು. ಚಿಮಣಿಯನ್ನು ಕೆಡವುತ್ತಾರಂತೆ ಎಂಬ ಸುದ್ದಿಯನ್ನು ಮರಾಠಿ ಪತ್ರಿಕೆಯಲ್ಲಿ ನೋಡಿ ಪುಣೆಯಲ್ಲಿ ಬೆಳೆದ ನಮ್ಮ ತಂಗಿಯ ಮಗಳು, ಒಂದು ಗುಬ್ಬಿಗೆ ಇಷ್ಟು ಜನ ಯಾಕೆ ಬೇಕೆಂದು ಕೇಳಿದ್ದಳು. ನಾವು ನಕ್ಕೆವು. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಗಲಿಲ್ಲ.

ನಮಗೆ ವಿಮಾನ ಬೇಕಾಗಿತ್ತು. ಅದಕ್ಕೊಂದು ಕಾರಣವಿತ್ತು. ಅವ್ವ ಒಂದು ಸಂಜೆ ಹಿತ್ತಲಲ್ಲಿ ಕುಸಿದುಬಿದ್ದಳು. ಸುದ್ದಿ ತಿಳಿದು ಮುಂಬಯಿಯ ಇಬ್ಬರೂ ರಾತ್ರಿಯ ರೈಲನ್ನು ಹಿಡಿದೆವು. ತಂಗಿ ಪುಣೆಯಲ್ಲಿ ಅದೇ ಗಾಡಿಯನ್ನು ಏರಿದಳು. ಕುರ್ಡುವಾಡಿ ದಾಟುವಾಗ ಫೋನು ಬಂತು. ಅವ್ವ ರಾತ್ರಿಯೇ ಹೋಗಿದ್ದಳು. ನಾವು ಪ್ರಯಾಣದಲ್ಲಿದ್ದೇವೆಂದು ಅಪ್ಪ ಬೆಳಕು ಹರಿಯುವತನಕ ಯಾರಿಗೂ ತಿಳಿಸಗೊಟ್ಟಿರಲಿಲ್ಲ. ಆ ಮೇಲಿನ ವರ್ಷಗಳಲ್ಲಿ ಯಾರಾದರೂ ಸೊಲ್ಲಾಪುರಕ್ಕೆ ವಿಮಾನ ಏಕೆ ಬೇಕೆಂದು ಕೇಳಿದರೆ ನಾವು ಈ ಕಥೆಯನ್ನು ಹೇಳುತ್ತಿದ್ದೆವು. ಕೇಳಿದವರು ಸುಮ್ಮನಾಗುತ್ತಿದ್ದರು. ವಿಮಾನ ಬೇಕೆಂಬ ಮನವಿಪತ್ರವೊಂದು ನಮ್ಮ ಕೈಗೆ ಬಂದಾಗ ಮೂವರೂ ಸಹಿ ಹಾಕಿದೆವು.

ಊರಿನಲ್ಲಿ ಆಗ ಎರಡು ಪಕ್ಷಗಳಾಗಿದ್ದವು. ವಿಮಾನ ಬೇಕೆಂದು ಒಂದು ಗುಂಪಿನ ನಾಗರಿಕರು ಸರದಿ ಉಪವಾಸ ಕೂತರು. ಚದ್ದರು, ಟವೆಲುಗಳಿಗೆ ಹೆಸರಾದ ಊರಿಗೆ ಹೊರಗಿನ ವ್ಯಾಪಾರಿಗಳು ಬರಬೇಕು, ಓದಿದ ಮಕ್ಕಳು ಪುಣೆಗೆ ಗುಳೆ ಹೋಗುವುದು ನಿಲ್ಲಬೇಕು ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾವು ಮೂವರೇ ಅದಕ್ಕೆ ಸಾಕ್ಷಿ. ಕಾರ್ಖಾನೆ ಉಳಿಯಬೇಕೆಂದು ರೈತರು ಮೋರ್ಚಾ ತೆಗೆದರು. ಅಪ್ಪ ಟೆಂಪೋ ಹತ್ತಿ ಆ ಮೋರ್ಚಾಕ್ಕೆ ಹೋಗಿದ್ದರೆಂದು ನಮಗೆ ತಿಳಿದದ್ದು ಸೋದರತ್ತೆಯಿಂದ. ನಾವು ಸಹಿ ಹಾಕಿದ ಸಂಗತಿ ಅವರಿಗೆ ಯಾರಿಂದ ತಿಳಿಯಿತೋ ಗೊತ್ತಿಲ್ಲ. ಆ ವರ್ಷದ ಸಂಕ್ರಾಂತಿಗೆ, ಸಿದ್ಧರಾಮನ ಗಡ್ಡೆಯ ಜಾತ್ರೆಗೆಂದು ಹೋದಾಗ, ಊಟಕ್ಕೆ ಕೂತಲ್ಲಿ ಅವರು ಒಂದೇ ಮಾತು ಕೇಳಿದರು.

"ನಿಮ್ಮವ್ವ ಹೋದದ್ದು ರಾತ್ರಿ ಹನ್ನೊಂದಕ್ಕ. ಬಿದ್ದದ್ದು ಹೊತ್ತು ಮುಳುಗಿದ ಮ್ಯಾಲ. ಆ ಹೊತ್ತಿನ್ಯಾಗ ಯಾವ ವಿಮಾನ ಬರತಿತ್ತು, ತಮ್ಮಾ?"

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ತಂಗಿ ಎದ್ದು ಮಜ್ಜಿಗೆ ತರಲು ಹೋದಳು. ಲೆಕ್ಕ ಬರುವವರು ನಾವು. ಆ ಸರಳ ಲೆಕ್ಕವನ್ನು ಅಲ್ಲಿಯವರೆಗೆ ಮಾಡಿರಲಿಲ್ಲ. ವಾರದಲ್ಲಿ ಕೆಲವು ದಿನ, ಹಗಲು ಹೊತ್ತಿನಲ್ಲಿ ಒಮ್ಮೆ ಬಂದುಹೋಗುವ ವಿಮಾನ ನಮ್ಮನ್ನು ಅವ್ವನ ಬಳಿಗೆ ಒಯ್ಯುತ್ತಿರಲಿಲ್ಲ. ನಮ್ಮ ದುಃಖ ನಿಜವಾಗಿತ್ತು. ಅದನ್ನು ನಾವು ಸಾಕ್ಷಿಯಾಗಿ ಮುಂದಿಟ್ಟ ವಾದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಇಂಥ ವ್ಯಾಜ್ಯಗಳನ್ನು ತೂಗಿ ನೋಡಲೆಂದೇ ಊರಿಗೊಂದು ಸಭೆ ಇರುತ್ತದೆ. ಸೊಲ್ಲಾಪುರದ್ದು ಮಹಾನಗರಪಾಲಿಕೆ, 2011ರ ಜನಗಣತಿಯಂತೆ ಒಂಬತ್ತೂವರೆ ಲಕ್ಷ ಜನರ ಊರು. ಅದರ ಮುಂದೆ ತೂಗಬೇಕಾದದ್ದು ಬಹಳವಿತ್ತು. ಉಜನಿ ಅಣೆಕಟ್ಟು ಜಿಲ್ಲೆಯೊಳಗೇ ಇದ್ದರೂ ನಗರದ ನಳಗಳಿಗೆ ಆಗ ನೀರು ಬರುತ್ತಿದ್ದುದು ಮೂರು ನಾಲ್ಕು ದಿನಕ್ಕೊಮ್ಮೆ. ಮೊದಲು ನೀರು, ಆಮೇಲೆ ವಿಮಾನ ಎನ್ನುವವರಿದ್ದರು. ಹೈದರಾಬಾದ್ ರಸ್ತೆಯ ಬೋರಾಮಣಿಯಲ್ಲಿ ಹೊಸ ನಿಲ್ದಾಣಕ್ಕೆಂದು ಸರಕಾರ ಮೊದಲೇ ಭೂಮಿ ಪಡೆದಿದೆಯಲ್ಲ, ಅದನ್ನೇ ಕಟ್ಟಲಿ ಎನ್ನುವವರಿದ್ದರು. ಕಾರ್ಖಾನೆಯ ಕಡೆಯವರ ಮುಖ್ಯ ವಾದವೂ ಅದೇ. ಆದರೆ ಅಲ್ಲಿ ಅರಣ್ಯ ಭೂಮಿಯ ತೊಡಕಿತ್ತು. ಮರಾಠಿಗರು ಮಾಳಢೋಕ್ ಎಂದೂ ನಮ್ಮವರು ಎರೆಭೂತವೆಂದೂ ಕರೆಯುವ, ಅಳಿವಿನಂಚಿಗೆ ಬಂದ ಹಕ್ಕಿಯ ಸೀಮೆ ಅದು. ಅಲ್ಲಿ ಭೂಮಿ ಕೊಟ್ಟ ರೈತರೂ ನಮ್ಮ ಅಪ್ಪನಂಥವರೇ. ಯಾರ ಬೆನ್ನಿನ ಮೇಲೂ ಭಾರ ಬೀಳದ ಜಾಗ ಎಲ್ಲಿಯೂ ಇರಲಿಲ್ಲ.

ಚಿಮಣಿಗೆ ಕಟ್ಟಡದ ಅನುಮತಿಯಿಲ್ಲವೆಂಬುದು ಪಾಲಿಕೆಯ ನಿಲುವು. ಕಾರ್ಖಾನೆ ಅದನ್ನು ಒಪ್ಪಲಿಲ್ಲ. ನೋಟೀಸು, ವಿಚಾರಣೆ, ನ್ಯಾಯಾಲಯವೆಂದು ವರ್ಷಗಳು ಉರುಳಿದುವು. ಕಾನೂನಿನ ಸರಿತಪ್ಪುಗಳನ್ನು ಹೇಳುವ ಅಧಿಕಾರ ನಮಗಿಲ್ಲ. ನಮ್ಮನ್ನು ಕಾಡುವುದು ಎರಡು ಸಂಗತಿಗಳು. 90 ಮೀಟರಿನ ಚಿಮಣಿ ಒಂದು ರಾತ್ರಿಯಲ್ಲಿ ಏಳುವುದಿಲ್ಲ. ತೂಗಬೇಕಾದ ಹೊತ್ತು ಅಡಿಪಾಯ ಹಾಕುವಾಗಲೇ ಇತ್ತು. ಎರಡನೆಯದು, ಕೊನೆಯ ತೀರ್ಮಾನದ ಹೊತ್ತಿಗೆ ಪಾಲಿಕೆಯಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ಕಾರುಭಾರ ಬಂದಿತ್ತು. ಹೀಗಾಗಿ ನೀರು, ಕಬ್ಬು, ವಿಮಾನ ಮೂರನ್ನೂ ಒಂದೇ ಕೋಣೆಯಲ್ಲಿ ಕೂತು, ವಾರ್ಡುವಾರ್ಡಿನ ಬಾಯಿಯಲ್ಲಿ, ಎಲ್ಲರೂ ಕೇಳುವಂತೆ ಚರ್ಚಿಸುವ ಪ್ರಸಂಗ ಒದಗಲಿಲ್ಲ. ಕಡತ ಇತ್ಯರ್ಥವಾಯಿತು. ಕಡತವನ್ನು ಇತ್ಯರ್ಥಗೊಳಿಸುವುದು ನಮ್ಮಲ್ಲೊಬ್ಬರ ದಿನನಿತ್ಯದ ಉದ್ಯೋಗವೇ ಆದ್ದರಿಂದ ಆ ಕೆಲಸವನ್ನು ನಾವು ಹಳಿಯುವುದಿಲ್ಲ. ಊರು ತೂಗುವುದು ಬೇರೆ, ಕಡತ ಮುಗಿಯುವುದು ಬೇರೆ ಎಂಬುದನ್ನಷ್ಟೇ ಹೇಳುತ್ತೇವೆ.

2023ರ ಜೂನ್ ತಿಂಗಳಲ್ಲಿ ಪೊಲೀಸ್ ಬಂದೋಬಸ್ತಿನ ನಡುವೆ ಸ್ಫೋಟಕಗಳನ್ನಿಟ್ಟು ಚಿಮಣಿಯನ್ನು ಉರುಳಿಸಿದರು. ಕೆಲವೇ ಸೆಕೆಂಡುಗಳ ದೃಶ್ಯ. ಅದನ್ನು ನಾವು ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆವು. ಮೊದಲು ಬುಡದಲ್ಲಿ ದೂಳೆದ್ದಿತು, ಆಮೇಲೆ ಮೈ ವಾಲಿತು. ನಮ್ಮ ಪಕ್ಷ ಗೆದ್ದಿತ್ತು. ಆ ರಾತ್ರಿ ಅಪ್ಪನಿಗೆ ಫೋನು ಮಾಡುವ ಸರದಿ ಯಾರದೆಂದು ನಮ್ಮ ನಡುವೆ ಮಾತಾಯಿತು. ಕೊನೆಗೆ ಯಾರೂ ಮಾಡಲಿಲ್ಲ.

ಚಿಮಣಿ ಬಿದ್ದ ಮರುದಿನವೇನೂ ವಿಮಾನ ಬರಲಿಲ್ಲ. ನಿಲ್ದಾಣದ ನವೀಕರಣ ನಡೆದು 2024ರ ಸೆಪ್ಟೆಂಬರ್ 29ರಂದು ಪ್ರಧಾನಿಯವರು ದೂರದಿಂದಲೇ ಅದನ್ನು ಉದ್ಘಾಟಿಸಿದರು. ಗೋವಾಕ್ಕೆ ವಿಮಾನ ಹಾರಿದ್ದು 2025ರ ಜೂನ್‌ನಲ್ಲಿ, ಮುಂಬಯಿಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ. ಇಂಥ ಸಣ್ಣ ಊರುಗಳ ವಿಮಾನಗಳ ಬಾಳುವೆ ಎಷ್ಟೆಂಬುದನ್ನೂ ನಾವು ಆ ನಡುವೆ ಓದಿ ತಿಳಿದೆವು. ಉಡಾನ್ ಯೋಜನೆಯಲ್ಲಿ ಟಿಕೆಟಿನ ಹಣಕ್ಕೂ ಹಾರಾಟದ ಖರ್ಚಿಗೂ ನಡುವಿನ ಅಂತರವನ್ನು ಮೂರು ವರ್ಷಗಳವರೆಗೆ ಸರಕಾರ ತುಂಬಿಕೊಡುತ್ತದೆ. ಮಹಾಲೇಖಪಾಲರ 2023ರ ವರದಿಯ ಪ್ರಕಾರ, ಮೊದಲ ಮೂರು ಸುತ್ತುಗಳಲ್ಲಿ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷಗಳನ್ನು ಪೂರೈಸಿದವು 112. ನೆರವು ನಿಂತ ಮೇಲೂ 2023ರ ಮಾರ್ಚ್‌ನಲ್ಲಿ ಹಾರುತ್ತಿದ್ದವು 54. ಮನವಿಗೆ ಸಹಿ ಹಾಕುವಾಗ ಈ ಅಂಕಿಗಳು ನಮ್ಮ ಮುಂದಿರಲಿಲ್ಲ. ಇದ್ದಿದ್ದರೆ ಸಹಿ ಹಾಕುತ್ತಿರಲಿಲ್ಲವೇ? ಬಹುಶಃ ಆಗಲೂ ಹಾಕುತ್ತಿದ್ದೆವು. ಆದರೆ ಅಪ್ಪನಿಗೆ ಹೇಳಿಯೇ ಹಾಕುತ್ತಿದ್ದೆವು.

ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದವನು. ಅಲ್ಲಮನು ಅಲ್ಲಿಗೆ ಬಂದು ಅವನನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆಳುಗಳು ಸಿಟ್ಟಾಗಿ ಅಲ್ಲಮನ ಮೇಲೆ ಕಲ್ಲೆಸೆದರಂತೆ. ಚಿಕ್ಕಂದಿನಲ್ಲಿ ಅಪ್ಪ ಈ ಕಥೆಯನ್ನು ಹೇಳುವಾಗ ನಮಗೆ ಅಲ್ಲಮನ ಮೇಲೆ ಕೋಪ ಬರುತ್ತಿತ್ತು. ಊರಿಗೆ ನೀರು ತರುವವನನ್ನು ಹಳಿಯುವುದೇ? ಈಗ ಅನ್ನಿಸುತ್ತದೆ, ಒಳ್ಳೆಯ ಕೆಲಸ ಮಾಡುವವನೂ ಆ ಪ್ರಶ್ನೆಯನ್ನು ಎದುರಿಸಬೇಕು. ಕೆಲಸ ಯಾರಿಗಾಗಿ, ಅದರಲ್ಲಿ 'ನನ್ನದು' ಎಂಬುದು ಎಷ್ಟು ಎಂದು. ಸಿದ್ಧರಾಮನು ನಿಂತು ಕೇಳಿಸಿಕೊಂಡನು. ನಾವು ಕೇಳಿಸಿಕೊಂಡದ್ದು ತಡವಾಗಿ, ಅದೂ ಊಟದ ತಟ್ಟೆಯ ಮುಂದೆ.

ಕಳೆದ ದೀಪಾವಳಿಯ ನಂತರ ಮೂವರೂ ಮುಂಬಯಿಯಲ್ಲಿ ಸೇರಿ ಆ ವಿಮಾನದಲ್ಲಿ ಊರಿಗೆ ಹೋದೆವು. ರಾತ್ರಿಯಿಡೀ ತೆಗೆದುಕೊಳ್ಳುತ್ತಿದ್ದ ದಾರಿ ಒಂದು ಗಂಟೆಯ ಸುಮಾರಿಗೆ ಮುಗಿಯಿತು. ನಿಲ್ದಾಣದ ಹೊರಗೆ ಅಪ್ಪ ನಿಂತಿದ್ದರು. ಬರಬೇಡಿರೆಂದು ಹೇಳಿದ್ದರೂ ಸೋದರತ್ತೆಯ ಮಗನ ಮೋಟಾರುಸೈಕಲ್ಲಿನ ಹಿಂದೆ ಕೂತು ಬಂದಿದ್ದರು. ಇಸ್ತ್ರಿ ಮಾಡಿದ ಧೋತರ, ತಲೆಗೆ ಬಿಳಿಯ ಟೋಪಿ. ಎಷ್ಟು ಜನ ಇಳಿದರು, ಎಷ್ಟು ಕುರ್ಚಿಗಳು ಖಾಲಿ ಇದ್ದವು ಎಂದು ವಿಚಾರಿಸಿದರು. ಬಹುಪಾಲು ತುಂಬಿತ್ತೆಂದೆವು. "ಛಲೋ ಆತು. ತುಂಬಬೇಕು. ಇಷ್ಟು ಮಾಡಿದ ಮ್ಯಾಲ ತುಂಬಲಿಲ್ಲಂದ್ರ ಹ್ಯಾಂಗ?" ಎಂದರು. ಆ ಮಾತಿನಲ್ಲಿ ಕಹಿ ಇರಲಿಲ್ಲ. ಅದೇ ನಮಗೆ ಹೆಚ್ಚು ನೋವು ಕೊಟ್ಟಿತು.

ಸ್ವಲ್ಪ ಹೊತ್ತಿನ ಮೇಲೆ, "ಮ್ಯಾಲಿಂದ ನಮ್ಮ ಹೊಲ ಕಾಣಿಸ್ತೇನು?" ಎಂದು ಕೇಳಿದರು.

ಹುಡುಕಿದ್ದೆವು. ಮೂವರೂ ಒಂದೇ ಕಿಟಕಿಗೆ ಬಗ್ಗಿ ಹುಡುಕಿದ್ದೆವು. ಕೆಳಗೆ ಎಲ್ಲ ಹೊಲಗಳೂ ಒಂದೇ ಬಗೆಯವು. ಇಲ್ಲಿಂದ ಇಷ್ಟು ದೂರ ಎಂದು ಎಣಿಸಲು ಗುರುತು ಸಿಕ್ಕಿರಲಿಲ್ಲ.

"ಇಲ್ಲಪ್ಪಾ, ಕಾಣಲಿಲ್ಲ" ಎಂದೆವು. ಕಾರಣ ಅವರಿಗೂ ಗೊತ್ತಿತ್ತು, ಕೇಳಲಿಲ್ಲ. ತಂಗಿಯ ಕೈಯಿಂದ ಚೀಲ ತೆಗೆದುಕೊಂಡು ಬಸ್ಸಿನ ಕಡೆಗೆ ನಡೆದರು. ನಾವು ಅವರ ಹಿಂದೆ ನಡೆದೆವು.